ಚಳಿಗಾಲ ದಾಟದ ಹೂಗಡ್ಡೆ: ತಪ್ಪು ಎಲ್ಲಾಯಿತು ಎಂದು ಪತ್ತೆ ಹಚ್ಚುವುದು

ಮಣ್ಣು ಹೆಪ್ಪುಗಟ್ಟುವ ಚಳಿ ಊರಿನಲ್ಲಿ ಚಳಿಗಾಲಕ್ಕೆ ಮುಂಚೆ ಹೂಗಡ್ಡೆ ಅಗೆದು, ಡಬ್ಬದಲ್ಲಿ ತುಂಬಿ ಒಳಗಿಡುತ್ತೀರಿ. ವಸಂತ ಬಂತು ಎಂದು ಆ ಡಬ್ಬ ತೆರೆಯುತ್ತೀರಿ. ಕಳೆದ ಬೇಸಿಗೆಯಲ್ಲಿ ತಟ್ಟೆಯಗಲದ ಹೂ ಕೊಟ್ಟ ಡೇರೆ (ಡಾಲಿಯಾ) ಗಡ್ಡೆ ಬೆರಳಿಟ್ಟರೆ ಕುಸಿಯುತ್ತದೆ. ಇಲ್ಲವೇ ಒಣ ಕಡ್ಡಿಯ ಹಾಗೆ ಮುರಿಯುತ್ತದೆ. ಆ ಹೊತ್ತಿನ ಬೇಸರ ನನಗೆ ಚೆನ್ನಾಗಿ ಗೊತ್ತು. ಆದರೂ ಡಬ್ಬವನ್ನು ಹಾಗೇ ಕಸಕ್ಕೆ ಸುರಿಯಬೇಡಿ. ಏನು ತಪ್ಪಾಯಿತು ಎಂಬುದಕ್ಕೆ ಆ ಹಾಳಾದ ಗಡ್ಡೆಗಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗುವುದಿಲ್ಲ.

ನಮ್ಮ ಕಣ್ಣಿಗೆ ಬೀಳುವುದು ವಸಂತದಲ್ಲಿ. ಕೆಟ್ಟಿದ್ದು ಮಾತ್ರ ಅದಕ್ಕಿಂತ ಎಷ್ಟೋ ಮುಂಚೆ. ಗಡ್ಡೆ ಅಗೆದ ದಿನವೇ ಆಗಿರಬಹುದು, ತೊಳೆದು ತುಂಬಿಸಿದ ಸಂಜೆಯಾಗಿರಬಹುದು, ನಡುಚಳಿಗಾಲದ ಒಂದೇ ಒಂದು ಕೊರೆಯುವ ರಾತ್ರಿಯೂ ಆಗಿರಬಹುದು. ಹಾಗಾಗಿ ಹಿಂದಕ್ಕೆ ನಡೆಯುತ್ತಾ ಹುಡುಕಬೇಕು.

ನಾಲ್ಕೈದು ಗಡ್ಡೆ ತೆಗೆದುಕೊಳ್ಳಿ. ಒಂದನ್ನು ಡಬ್ಬದ ಅಂಚಿನಿಂದ, ಒಂದನ್ನು ನಡುವಿನಿಂದ, ಒಂದನ್ನು ತಳದಿಂದ ತೆಗೆಯಿರಿ. ಯಾವುದು ಎಲ್ಲಿಯದು ಎಂದು ಗುರುತು ಇಟ್ಟುಕೊಳ್ಳಿ, ಮುಂದೆ ಇದು ಬೇಕಾಗುತ್ತದೆ. ಮೊದಲು ಒತ್ತಿ ನೋಡಿ. ಆಮೇಲೆ ಮೂಸಿ ನೋಡಿ. ಕೊನೆಗೆ ಚೂಪಾದ ಚಾಕುವಿನಿಂದ ಉದ್ದಕ್ಕೆ ಸೀಳಿ. ಒಳಗೆ ಬಿಳಿಯಾಗಿ, ಗಟ್ಟಿಯಾಗಿ, ಹಸಿ ಆಲೂಗಡ್ಡೆಯ ಹಾಗೆ ಇದ್ದರೆ ಜೀವ ಇದೆ. ಗಾಜಿನ ಹಾಗೆ ನೀರುನೀರಾಗಿದ್ದರೆ ಹೆಪ್ಪುಗಟ್ಟಿತ್ತು. ಕಂದು ಬಣ್ಣಕ್ಕೆ ತಿರುಗಿ ನಾತ ಹೊಡೆದರೆ ಕೊಳೆತಿದೆ. ಬೆಂಡಿನ ಹಾಗೆ ಹಗುರವಾಗಿ ನಾರುನಾರಾಗಿದ್ದರೆ ನೀರು ಬತ್ತಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗಿಡ ಕಪ್ಪಾಗುವುದನ್ನು ಇಲ್ಲಿ ಫ್ರಾಸ್ಟ್ ಎಂದೇ ಕರೆಯುತ್ತೇನೆ. ಫ್ರಾಸ್ಟ್ ಬಿದ್ದರೆ ಸಾಯುವುದು ಎಲೆ ಮಾತ್ರ. ಗಡ್ಡೆ ಸಾಯುವುದು ಅದರ ಸುತ್ತಲಿನ ಮಣ್ಣೇ ಹೆಪ್ಪುಗಟ್ಟಿದಾಗ. ಈ ಎರಡರ ನಡುವೆ ಸಾಮಾನ್ಯವಾಗಿ ಕೆಲವು ದಿನ, ಕೆಲವು ಕಡೆ ಕೆಲವು ವಾರ ಅಂತರ ಇರುತ್ತದೆ.

ಮೊದಲ ಪ್ರಶ್ನೆ: ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದಿರಾ?

ಬೇರೆ ಯಾವ ತಪ್ಪಿಗಿಂತಲೂ ಇದರಿಂದಲೇ ಜಾಸ್ತಿ ಗಡ್ಡೆ ಹೋಗುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನೂ ಮೊದಲ ವರ್ಷ ಹೀಗೇ ಮಾಡಿದೆ. ಗ್ಲ್ಯಾಡಿಯೋಲಸ್, ಡೇರೆ, ಕಾಬಾಳೆ (ಕ್ಯಾನಾ), ಬಣ್ಣದ ಎಲೆಯ ಕ್ಯಾಲಾಡಿಯಂ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿ ಬಿಸಿ ಇಲ್ಲದ ಗ್ಯಾರೇಜಿನಲ್ಲಿಟ್ಟೆ. ವಸಂತದಲ್ಲಿ ಗ್ಲ್ಯಾಡಿಯೋಲಸ್ ಅಷ್ಟೂ ಉಳಿದಿದ್ದವು. ಡೇರೆಯಲ್ಲಿ ಅರ್ಧ ಹೋಗಿತ್ತು. ಕ್ಯಾಲಾಡಿಯಂ ಒಂದೂ ಉಳಿಯಲಿಲ್ಲ. ಜಾಗ ಒಂದೇ, ಚಳಿ ಒಂದೇ, ಫಲ ಮಾತ್ರ ಮೂರು ಥರ. ಇವುಗಳ ತವರು ಬೇರೆ ಬೇರೆ ಎಂಬುದು ಆಗ ಹೊಳೆಯಿತು. ಡೇರೆ ಮೆಕ್ಸಿಕೋದ ಬೆಟ್ಟದ ಗಿಡ, ಅಲ್ಲಿನ ರಾಷ್ಟ್ರೀಯ ಹೂವು. ತೋಟದ ಗ್ಲ್ಯಾಡಿಯೋಲಸ್‌ನ ಮೂಲ ಹೆಚ್ಚಾಗಿ ದಕ್ಷಿಣ ಆಫ್ರಿಕಾ. ಕ್ಯಾಲಾಡಿಯಂ ದಕ್ಷಿಣ ಅಮೆರಿಕದ ಬೆಚ್ಚನೆಯ ಕಾಡಿನದು. ಇವಕ್ಕೆಲ್ಲ ಒಂದೇ ಹಾಸಿಗೆ ಒಗ್ಗುವುದಿಲ್ಲ, ಅಲ್ವಾ?

ಗ್ಲ್ಯಾಡಿಯೋಲಸ್‌ಗೆ ತಂಪು ಮತ್ತು ಒಣ ಜಾಗ ಬೇಕು. 2ರಿಂದ 7 ಡಿಗ್ರಿ ಸೆಲ್ಸಿಯಸ್, ಜಾಲರಿ ಚೀಲ, ಗಾಳಿಯಾಡಬೇಕು. ಡೇರೆಗೆ 4ರಿಂದ 10 ಡಿಗ್ರಿ ಸಾಕು, ಆದರೆ ಪೂರ್ತಿ ಒಣಗಬಾರದು. ಕಾಬಾಳೆಯೂ ಹೀಗೇ, ಇನ್ನೂ ತುಸು ಬೆಚ್ಚಗೆ, 7ರಿಂದ 10ರ ಒಳಗೆ ಇದ್ದರೆ ಒಳ್ಳೆಯದು. ಗಡ್ಡೆ ಬಿಗೋನಿಯಾಗೆ 5ರಿಂದ 10 ಡಿಗ್ರಿ, ಒಣ ಪೀಟ್ ಮಾಸ್ (ಕೊಳೆತ ಪಾಚಿಯ ಪುಡಿ) ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಅಲಂಕಾರದ ದೊಡ್ಡ ಕೆಸುವಿಗೆ 10 ಡಿಗ್ರಿಯ ಆಸುಪಾಸು. ಕ್ಯಾಲಾಡಿಯಂಗೆ ಮಾತ್ರ 15ಕ್ಕಿಂತ ಕೆಳಗೆ ಇಳಿಯಲೇಬಾರದು. ನಾವು ಕೂರುವ ಕೋಣೆಯ ಮೂಲೆಯೇ ಅದಕ್ಕೆ ಸರಿ. ಸುಗಂಧರಾಜವನ್ನೂ ಬೆಚ್ಚಗೆ, ಒಣದಾಗಿಯೇ ಇಡಿ.

ನಿಮ್ಮ ಹಾಳಾದ ಗಡ್ಡೆ ಯಾವುದು, ಅದು ಇದ್ದ ಜಾಗ ಯಾವುದು ಎಂದು ಇದರ ಜೊತೆ ಹೋಲಿಸಿ. ಎಷ್ಟೋ ಸಲ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ಗಡ್ಡೆ ಮೆತ್ತಗಾಗಿ ನೀರು ಸುರಿಸುತ್ತಿದೆ

ಇದಕ್ಕೆ ಎರಡು ಕಾರಣ ಇರಬಹುದು: ಹೆಪ್ಪುಗಟ್ಟಿ ಕರಗಿದ್ದು, ಇಲ್ಲವೇ ಕೊಳೆತಿದ್ದು. ಎರಡೂ ಕೈಗೆ ಒಂದೇ ಥರ ಅನ್ನಿಸುತ್ತವೆ. ಮದ್ದು ಮಾತ್ರ ಪೂರ್ತಿ ಉಲ್ಟಾ. ಹೆಪ್ಪುಗಟ್ಟಿದ್ದನ್ನು ಕೊಳೆತಿದ್ದು ಎಂದುಕೊಂಡು ಮುಂದಿನ ವರ್ಷ ಇನ್ನೂ ಜಾಸ್ತಿ ಗಾಳಿ ಬರುವ ಜಾಗಕ್ಕೆ ಸಾಗಿಸುವವರಿದ್ದಾರೆ. ಆಗ ಮತ್ತೆ ಅಷ್ಟೂ ಹೋಗುತ್ತವೆ.

ಹೆಪ್ಪುಗಟ್ಟಿದ ಗಡ್ಡೆ ಇಡಿಯಾಗಿ ಕೆಡುತ್ತದೆ. ಒಂದು ತುದಿ ಚೆನ್ನಾಗಿದ್ದು ಇನ್ನೊಂದು ಮೆತ್ತಗಿರುವುದು ಅಪರೂಪ. ಸೀಳಿದರೆ ಒಳಗೆಲ್ಲ ಒಂದೇ ಥರ ನೀರುನೀರು. ಮೊದಮೊದಲು ನಾತವೂ ಅಷ್ಟಿರುವುದಿಲ್ಲ. ಇನ್ನು, ನೀವು ಗುರುತು ಇಟ್ಟುಕೊಂಡದ್ದನ್ನು ಈಗ ನೋಡಿ. ಹೊರಗೋಡೆಗೆ ತಾಗಿದ ಬದಿಯವು, ಬರಿ ನೆಲಕ್ಕೆ ತಾಗಿದ ತಳದವು ಹೋಗಿ, ನಡುವಿನವು ಉಳಿದಿದ್ದರೆ ಅದು ಚಳಿಯದೇ ಕೆಲಸ. ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಕೆಲವು ಗಂಟೆ ಇದ್ದರೂ ಸಾಕು.

ಕೊಳೆ ಹಾಗಲ್ಲ. ಅದು ಒಂದು ಕಡೆಯಿಂದ ಶುರುವಾಗುತ್ತದೆ. ಅಗೆಯುವಾಗ ಫೋರ್ಕ್ ಚುಚ್ಚಿದ ಗಾಯ, ಮುರಿದ ತುದಿ, ಕತ್ತರಿಸಿದ ಕಾಂಡ, ಇವೇ ಅದರ ಬಾಗಿಲು. ಕಂದು ಭಾಗಕ್ಕೂ ಬಿಳಿ ಭಾಗಕ್ಕೂ ನಡುವೆ ಗಡಿ ಕಾಣುತ್ತದೆ. ನಾತವಂತೂ ಮೂಗು ಮುಚ್ಚಿಕೊಳ್ಳುವ ಹಾಗಿರುತ್ತದೆ. ಡಬ್ಬದಲ್ಲಿ ಒಂದರಿಂದ ಪಕ್ಕದ್ದಕ್ಕೆ ಹರಡಿರುತ್ತದೆ.

ಡೇರೆಯಲ್ಲಿ ಕೊಳೆ ಕಾಂಡದ ಬುಡದಿಂದಲೇ ಇಳಿದಿದ್ದರೆ ಕಾರಣ ಹೆಚ್ಚಾಗಿ ಒಂದೇ. ಡೇರೆಯ ಕಾಂಡ ಟೊಳ್ಳು. ಕತ್ತರಿಸಿದ ಮೇಲೆ ಆ ಕೊಳವೆಯಲ್ಲಿ ಮಳೆನೀರೋ ತೊಳೆದ ನೀರೋ ನಿಲ್ಲುತ್ತದೆ. ಆ ನೀರು ತಿಂಗಳುಗಟ್ಟಲೆ ಬುಡದಲ್ಲೇ ಕೂತಿರುತ್ತದೆ. ಮೊಳಕೆ ಒಡೆಯುವ ಕಣ್ಣುಗಳಿರುವುದೂ ಅಲ್ಲೇ, ಹಾಗಾಗಿ ಗಡ್ಡೆ ಉಳಿದರೂ ಮೊಳಕೆ ಬರುವುದಿಲ್ಲ. ಅಗೆದ ಮೇಲೆ ಕಾಂಡ ಕೆಳಮುಖವಾಗಿ ತಲೆಕೆಳಗೆ ಇಟ್ಟು ಒಂದೆರಡು ದಿನ ನೀರು ಬಸಿಯಲು ಬಿಡಿ. ಇಷ್ಟು ಮಾಡಿದ ಮೇಲೆ ನನ್ನಲ್ಲಿ ಕಾಂಡದ ಕೊಳೆ ತುಂಬ ಕಮ್ಮಿಯಾಯಿತು.

ಉಳಿದ ಕಾರಣಗಳು ಸರಳ. ಒದ್ದೆ ಗಡ್ಡೆಯನ್ನೇ ತುಂಬಿದ್ದು. ಮುಚ್ಚಿದ ಪ್ಲಾಸ್ಟಿಕ್ ಚೀಲದೊಳಗೆ ಬೆವರು ಕಟ್ಟಿದ್ದು. ಗಾಯ ಒಣಗುವ ಮುಂಚೆಯೇ ಮುಚ್ಚಿಟ್ಟದ್ದು. ಕತ್ತರಿಸಿದ ಕಡೆ ಒಂದೆರಡು ದಿನ ಗಾಳಿಗೆ ಬಿಟ್ಟರೆ ತೆಳು ಪೊರೆ ಕಟ್ಟುತ್ತದೆ. ಆಮೇಲೆ ಗಂಧಕದ ಪುಡಿ ಸವರಿದರೆ ಇನ್ನೂ ಒಳ್ಳೆಯದು. ಅರ್ಧ ಕೊಳೆತದ್ದು ಸಿಕ್ಕರೆ ಬಿಳಿ ಭಾಗ ಸಿಗುವವರೆಗೂ ಕೊಯ್ಯಿರಿ, ಒಣಗಿಸಿ, ಬೇರೆಯಾಗಿ ಇಡಿ. ಕಣ್ಣು ಇರುವ ಭಾಗ ಉಳಿದರೆ ಗಿಡ ಉಳಿಯಿತು.

ಜಾಗದ ಮೇಲೆ ಅನುಮಾನ ಬಂದರೆ ಊಹೆ ಬೇಡ. ದಿನದ ಅತಿ ಕಡಿಮೆ ಮತ್ತು ಅತಿ ಜಾಸ್ತಿ ಉಷ್ಣತೆ ನೆನಪಿಡುವ ಥರ್ಮಾಮೀಟರ್ ಒಂದನ್ನು ಡಬ್ಬದ ಪಕ್ಕದಲ್ಲೇ ಇಡಿ. ಗೋಡೆಯ ಮೇಲೆ ಎತ್ತರದಲ್ಲಿ ಬೇಡ, ಗಡ್ಡೆ ಇರುವ ಮಟ್ಟದಲ್ಲೇ ಇರಲಿ. ಹಗಲು ಹೋಗಿ ನೋಡಿದಾಗ 5 ಡಿಗ್ರಿ ತೋರಿಸುವ ಗ್ಯಾರೇಜು ಬೆಳಗಿನ ಜಾವ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. ನೆಲದಿಂದ ಒಂದಡಿ ಮೇಲೆ, ಹೊರಗೋಡೆಯಿಂದ ದೂರ, ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಟ್ಟರೆ ಅದೇ ಗ್ಯಾರೇಜಿನಲ್ಲೂ ಬಚಾವಾಗುತ್ತವೆ. ಮುಚ್ಚಳ ಮಾತ್ರ ಗಟ್ಟಿಯಾಗಿ ಮುಚ್ಚಬೇಡಿ.

ಗಡ್ಡೆ ಸುಕ್ಕುಗಟ್ಟಿ ಒಣಗಿದೆ

ಮನೆ ಬೆಚ್ಚಗಿಡುವ ಯಂತ್ರ ಇರುವ ನೆಲಮಾಳಿಗೆಯಲ್ಲಿ ಇಟ್ಟವರ ದೂರು ಇದು. ಗಾಳಿ ಬೆಚ್ಚಗೆ, ಅದಕ್ಕಿಂತ ಮುಖ್ಯವಾಗಿ ಒಣ. ಡೇರೆಯ ಸಿಪ್ಪೆ ಬಲು ತೆಳು. ಆಲೂಗಡ್ಡೆಗಿರುವಂಥ ದಪ್ಪ ತೊಗಟೆ ಅದಕ್ಕಿಲ್ಲ. ಹೀಗಾಗಿ ಒಳಗಿನ ನೀರು ದಿನದಿನವೂ ಹಾರಿಹೋಗುತ್ತದೆ.

ತುಸು ಸುಕ್ಕಿದ್ದು, ಒತ್ತಿದರೆ ರಬ್ಬರಿನ ಹಾಗೆ ಬಗ್ಗುವುದಾದರೆ ಇನ್ನೂ ಕಾಲ ಮಿಂಚಿಲ್ಲ. ತುಸು ತೇವ ಇರುವ ಕೋಕೋಪೀಟಿನಲ್ಲಿ ಹೂತಿಟ್ಟು ಕೆಲವು ದಿನ ಕಾಯಿರಿ. ಕೋಕೋಪೀಟನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಬಕೆಟ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕುವುದು ನನಗೆ ಸರಿ ಕಂಡಿಲ್ಲ. ಬಾಡಿದ ಗಡ್ಡೆ ನೀರು ಕುಡಿದ ಹಾಗೆ ಕಂಡರೂ ಆಮೇಲೆ ಕೊಳೆಯುವುದು ಜಾಸ್ತಿ. ಮುರಿದರೆ ಕಟಕ್ ಎಂದು ಒಣ ನಾರು ಕಾಣುವಂತಿದ್ದರೆ ಅದರ ಕಥೆ ಮುಗಿಯಿತು.

ಒಂದೇ ಬುಡದಲ್ಲಿ ದಪ್ಪದವು ಚೆನ್ನಾಗಿದ್ದು ಬೆರಳು ಗಾತ್ರದವು ಮಾತ್ರ ಒಣಗಿವೆಯಾ? ಹಾಗಾದರೆ ದೋಷ ಜಾಗದ್ದಲ್ಲ, ಅಗೆದ ಸಮಯದ್ದು. ಇದನ್ನು ತುಸು ಬಿಡಿಸಿ ಹೇಳಬೇಕು.

ಡೇರೆ ಬೇಸಿಗೆಯುದ್ದಕ್ಕೂ ಗಡ್ಡೆ ದಪ್ಪ ಮಾಡುವುದಿಲ್ಲ. ಹಗಲು ಸುಮಾರು 12 ಗಂಟೆಗಿಂತ ಕಮ್ಮಿಯಾಗುತ್ತಾ ಬಂದಾಗ, ಅಂದರೆ ರಾತ್ರಿ ಉದ್ದವಾಗತೊಡಗಿದಾಗ, ಎಲೆಯ ಸತ್ವವನ್ನು ಕೆಳಗೆ ಇಳಿಸಿ ಗಡ್ಡೆ ತುಂಬಿಸಲು ಶುರು ಮಾಡುತ್ತದೆ. ನಮಗೆ ಅವಸರ ಹುಟ್ಟುವುದೂ ಸರಿಯಾಗಿ ಆಗಲೇ. ಚಳಿ ಬಂತು, ಬೇಗ ಅಗೆದು ಮುಗಿಸೋಣ ಅನ್ನಿಸುತ್ತದೆ. ಆ ಎರಡು ಮೂರು ವಾರ ಕಾಯದೆ ಅಗೆದರೆ ಸಿಗುವುದು ಎಳೆಯ, ನೀರು ತುಂಬಿದ ಗಡ್ಡೆ. ಅದು ಯಾವ ಡಬ್ಬದಲ್ಲಿಟ್ಟರೂ ಸುಕ್ಕುತ್ತದೆ. ಗಿಡ ಪೂರ್ತಿ ಕಪ್ಪಾಗುವ ಫ್ರಾಸ್ಟ್ ಬೀಳಲಿ. ಕಾಂಡವನ್ನು 10ರಿಂದ 15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಮಣ್ಣು ಹೆಪ್ಪುಗಟ್ಟುವ ಭಯ ಇಲ್ಲದಿದ್ದರೆ ಇನ್ನೂ ಒಂದು ವಾರ, ಹತ್ತು ದಿನ ನೆಲದಲ್ಲೇ ಇರಲಿ. ಸಿಪ್ಪೆ ಬಲಿಯುತ್ತದೆ, ಬುಡದ ಕಣ್ಣುಗಳೂ ಉಬ್ಬಿ ಎದ್ದು ಕಾಣುತ್ತವೆ. ಬುಡವನ್ನು ಭಾಗ ಮಾಡಿ ಬಿಡಿಸುವವರಿಗೆ ಅದೇ ದೊಡ್ಡ ಅನುಕೂಲ.

ಕಾಬಾಳೆಗೂ ಒಣಗುವುದೇ ದೊಡ್ಡ ಶತ್ರು. ಅದರ ಗಡ್ಡೆಯನ್ನು ಪೂರ್ತಿ ತೊಳೆದು ಸ್ವಚ್ಛ ಮಾಡಲೇಬೇಡಿ. ಬೇರಿಗೆ ಅಂಟಿದ ಮಣ್ಣು ಹಾಗೇ ಇರಲಿ. ಇಡೀ ಬುಡವನ್ನೇ ಪೆಟ್ಟಿಗೆಯಲ್ಲಿಟ್ಟು ತಿಂಗಳಿಗೊಮ್ಮೆ ನೀರು ಚಿಮುಕಿಸಿದರೆ ಸಾಕು. ನನ್ನ ಅನುಭವದಲ್ಲಿ ಮಣ್ಣಿನ ಸಮೇತ ಇಟ್ಟದ್ದು ಕೆಟ್ಟದ್ದೇ ಇಲ್ಲ.

ಗಡ್ಡೆ ಗಟ್ಟಿಯಾಗೇ ಇದೆ, ಮೊಳಕೆ ಮಾತ್ರ ಬರುತ್ತಿಲ್ಲ

ಜನರಿಗೆ ಇದರಷ್ಟು ಗೊಂದಲ ಬೇರೆ ಯಾವುದೂ ಇಲ್ಲ. ನೋಡಿದರೆ ಒಳ್ಳೆಯ ಗಡ್ಡೆ. ನೆಟ್ಟು ಆರು ವಾರವಾದರೂ ಸುಳಿವಿಲ್ಲ.

ಡೇರೆಯಾದರೆ ಮೊದಲು ಕತ್ತು ನೋಡಿ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಹಾಗಿಲ್ಲ. ಗಡ್ಡೆಯ ಕತ್ತು ಹಳೆಯ ಕಾಂಡಕ್ಕೆ ಸೇರುವ ಆ ಬುಡದ ಪಟ್ಟಿಯಲ್ಲಿ ಮಾತ್ರ ಕಣ್ಣಿರುತ್ತದೆ. ಬುಡದ ಚೂರು ಇಲ್ಲದೆ ಬರಿ ಗಡ್ಡೆಯನ್ನು ಮುರಿದು ತೆಗೆದಿದ್ದರೆ ಅದು ಕುರುಡು ಗಡ್ಡೆ. ನೆಟ್ಟರೆ ಬೇರು ಬಿಡಬಹುದು, ತಿಂಗಳುಗಟ್ಟಲೆ ಗಟ್ಟಿಯಾಗಿಯೂ ಇರಬಹುದು, ಚಿಗುರು ಮಾತ್ರ ಎಂದೂ ಬರುವುದಿಲ್ಲ. ಕತ್ತು ಮುರಿದು ಸಿಪ್ಪೆಯ ಎಳೆಯಲ್ಲಿ ನೇತಾಡುತ್ತಿದ್ದರೂ ಅಷ್ಟೇ. ಅಗೆಯುವಾಗ ಕಾಂಡ ಹಿಡಿದು ಮೇಲಕ್ಕೆ ಎಳೆಯುವುದರಿಂದ ಆಗುವ ಪೆಟ್ಟು ಇದು. ಗಿಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಸಡಿಲ ಮಾಡಿ, ಕೆಳಗಿನಿಂದ ಮಣ್ಣಿನ ಸಮೇತ ಎತ್ತಬೇಕು.

ಕತ್ತು, ಬುಡ ಎರಡೂ ಸರಿ ಇದ್ದು ಕಣ್ಣು ಮಾತ್ರ ಕಾಣದಿದ್ದರೆ ಅದು ಇನ್ನೂ ನಿದ್ದೆಯಲ್ಲಿರಬಹುದು. ತುಸು ತೇವದ ಕೋಕೋಪೀಟಿನಲ್ಲಿಟ್ಟು 18ರಿಂದ 21 ಡಿಗ್ರಿ ಬೆಚ್ಚಗಿನ ಜಾಗ ಕೊಡಿ. ಕೆಲವು ಎರಡೇ ವಾರಕ್ಕೆ ಏಳುತ್ತವೆ, ಕೆಲವಕ್ಕೆ ಆರು ವಾರ ಬೇಕು. ಒಂದೇ ಬುಡದ ಗಡ್ಡೆಗಳಲ್ಲೂ ಈ ವ್ಯತ್ಯಾಸ ಇರುತ್ತದೆ.

ಬಿಗೋನಿಯಾ ಏಳದಿದ್ದರೆ ಮಣ್ಣು ಕೆದಕಿ, ತಲೆಕೆಳಗಾಗಿ ನೆಟ್ಟಿದ್ದೀರಾ ನೋಡಿ. ಬಟ್ಟಲಿನ ಹಾಗೆ ತಗ್ಗಾದ ಬದಿ ಮೇಲಕ್ಕೆ ಬರಬೇಕು. ಆ ತಗ್ಗಿನಲ್ಲೇ ಮೊಳಕೆ ಹುಟ್ಟುವುದು. ಆ ಬಟ್ಟಲಿಗೆ ನೀರು ಸುರಿಯಬೇಡಿ, ಸುತ್ತಲಿನ ಮಣ್ಣಿಗೆ ಹಾಕಿ. ಸರಿಯಾಗೇ ನೆಟ್ಟಿದ್ದೂ ಏಳದಿದ್ದರೆ, ಒಳಗೆ ಬಿಳಿ ಹುಳು ತಿಂದು ಟೊಳ್ಳು ಮಾಡಿರಬಹುದು. ಕಾಲಿಲ್ಲದ, ಕಂದು ತಲೆಯ, ಬಾಗಿದ ಮೈಯ ಹುಳು ಕಂಡರೆ ಅದು ವೈನ್ ವೀವಿಲ್ ಎಂಬ ಕಪ್ಪು ಜೀರುಂಡೆಯ ಮರಿ. ಆ ಕುಂಡದ ಮಣ್ಣನ್ನು ಪೂರ್ತಿ ಬದಲಿಸಬೇಕು.

ಕ್ಯಾಲಾಡಿಯಂ ಏಳದಿದ್ದರೆ ನೂರಕ್ಕೆ ತೊಂಬತ್ತು ಸಲ ಚಳಿಯೇ ಕಾರಣ ಎಂದು ನಾನು ಹಿಡಿಯುತ್ತೇನೆ. ಅದಕ್ಕೆ ಹೆಪ್ಪುಗಟ್ಟುವ ಚಳಿಯೇ ಬೇಕಾಗಿಲ್ಲ. ಫ್ರಿಜ್ಜಿನಷ್ಟು ತಂಪು ಕೆಲವು ದಿನ ಸಿಕ್ಕರೂ ಹಾಳು. ಇದಕ್ಕೆ ಫ್ರಾಸ್ಟ್ ಬೀಳುವವರೆಗೂ ಕಾಯಬಾರದು. ರಾತ್ರಿ 13 ಡಿಗ್ರಿಗೆ ಇಳಿಯತೊಡಗಿದ ಕೂಡಲೇ ಎತ್ತಿ ಒಳಗೆ ತನ್ನಿ. ವಸಂತದಲ್ಲೂ ಮಣ್ಣು 18 ಡಿಗ್ರಿ ದಾಟುವವರೆಗೆ ಹೊರಗೆ ನೆಡಬೇಡಿ.

ನಡುಚಳಿಗಾಲದಲ್ಲೇ ಮೊಳಕೆ ಬಂತು

ಜಾಗ ಬೆಚ್ಚಗಿದೆ ಎಂದು ಅರ್ಥ. ಸಾಮಾನ್ಯವಾಗಿ 10 ಡಿಗ್ರಿ ದಾಟಿದೆ. ಕ್ಯಾಲಾಡಿಯಂ ಬಿಟ್ಟು ಉಳಿದವನ್ನು ಇನ್ನೂ ತಂಪಾದ ಕಡೆ ಸಾಗಿಸಿ. ಡೇರೆಯ ಮೊಳಕೆ ಬಿಳಿಯಾಗಿ ಉದ್ದ ಬೆಳೆದಿದ್ದರೆ ಚಿಂತೆ ಬೇಡ, ನೆಡುವ ಹೊತ್ತಿಗೆ ಚಿವುಟಿದರೆ ಪಕ್ಕದಿಂದ ಹೊಸದು ಬರುತ್ತದೆ. ಸೇಬಿನಂಥ ಹಣ್ಣು ಇಡುವ ಕಡೆ ಮಾತ್ರ ಗಡ್ಡೆ ಇಡಬೇಡಿ. ಹಣ್ಣಾಗುವಾಗ ಬಿಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗಿಗೆ ಒಳ್ಳೆಯದಲ್ಲ.

ಮೇಲೆಲ್ಲ ಬೂಷ್ಟು

ಹೆದರುವ ಮುಂಚೆ ಒರೆಸಿ ನೋಡಿ. ಬಿಳಿ ಬೂಷ್ಟು ಬಟ್ಟೆಯಲ್ಲಿ ಹೋಗಿ, ಕೆಳಗೆ ಸಿಪ್ಪೆ ಗಟ್ಟಿಯಾಗಿದ್ದರೆ ಅದು ಬರೀ ತೇವದ ಗುರುತು. ಒರೆಸಿ, ಒಂದು ದಿನ ಗಾಳಿಗೆ ಬಿಟ್ಟು, ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಒಣ ಚೂರಿನಲ್ಲಿ ಮತ್ತೆ ತುಂಬಿ. ನೀಲಿ ಹಸಿರು ಬೂಷ್ಟು ಗಾಯದಿಂದ ಶುರುವಾಗಿ ಒಳಗೆ ಇಳಿದಿದ್ದರೆ ಕೊಯ್ದು ತೆಗೆಯಬೇಕು, ತುಂಬ ಇಳಿದಿದ್ದರೆ ಎಸೆಯಬೇಕು.

ಗ್ಲ್ಯಾಡಿಯೋಲಸ್‌ನ ದೂರುಗಳೇ ಬೇರೆ

ಗ್ಲ್ಯಾಡಿಯೋಲಸ್ ಚಳಿಗಾಲದಲ್ಲಿ ಸುಮ್ನೆ ಸಾಯುವುದಿಲ್ಲ. ಕಾಯಿಲೆ ಹೊತ್ತುಕೊಂಡು ದಾಟುತ್ತದೆ. ಅದಕ್ಕೇ ಇದನ್ನು ಬೇರೆಯಾಗಿ ಹೇಳುತ್ತಿದ್ದೇನೆ.

ಮೊದಲು ಅದರ ಬದುಕು ಗೊತ್ತಿರಬೇಕು. ನೀವು ನೆಟ್ಟ ಗಡ್ಡೆ ಆ ಬೇಸಿಗೆಗೇ ಮುಗಿದುಹೋಗುತ್ತದೆ. ಅದರ ತಲೆಯ ಮೇಲೆ ಹೊಸ ಗಡ್ಡೆ ಕೂರುತ್ತದೆ, ಸುತ್ತಲೂ ಕಾಳಿನಂಥ ಮರಿಗಳು ಹುಟ್ಟುತ್ತವೆ. ಅಗೆದಾಗ ಎರಡು ಗಡ್ಡೆ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಕೆಳಗಿನ ಮುದುಡಿದ ಹಳೆಯದನ್ನು ಹಾಗೇ ಬಿಟ್ಟು ತುಂಬಿಟ್ಟರೆ ಅದರಲ್ಲಿದ್ದ ರೋಗ ಮೇಲಿನದಕ್ಕೆ ಹತ್ತುತ್ತದೆ. 25ರಿಂದ 30 ಡಿಗ್ರಿ ಬೆಚ್ಚಗಿನ ಗಾಳಿಯಲ್ಲಿ ಎರಡು ಮೂರು ವಾರ ಒಣಗಿಸಿ. ಆಗ ಹಳೆಯದು ಹೆಬ್ಬೆರಳಿನಿಂದ ಒತ್ತಿದರೆ ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಇನ್ನೂ ಒಣಗಿಲ್ಲ, ಬಲವಂತ ಬೇಡ.

ಕಾಗದದಂಥ ಸಿಪ್ಪೆಯನ್ನು ತುಸು ಸರಿಸಿ ತಳ ನೋಡಿ. ಕಂದು ಬಣ್ಣದ ತಗ್ಗು ಕಲೆ, ಅದರಲ್ಲಿ ಉಂಗುರದ ಮೇಲೆ ಉಂಗುರ ಇದ್ದರೆ ಅದು ಹೆಚ್ಚಾಗಿ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅಂಥ ಗಡ್ಡೆ ನೆಟ್ಟರೆ ಗಿಡದ ಎಲೆ ತುದಿಯಿಂದ ಹಳದಿಯಾಗಿ ಬಾಗುತ್ತದೆ. ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ಆ ಮಡಿಯಲ್ಲಿ ಕೆಲವು ವರ್ಷ ಗ್ಲ್ಯಾಡಿಯೋಲಸ್ ನೆಡದಿರುವುದು ಒಳ್ಳೆಯದು.

ಕಳೆದ ಬೇಸಿಗೆಯಲ್ಲಿ ಎಲೆ ಮೇಲೆ ಬೆಳ್ಳಿಗೆರೆ, ಮೊಗ್ಗು ಬಿರಿಯದೆ ಒಣಗಿದ್ದು, ಬಿರಿದ ಹೂವಿನ ಅಂಚು ಬಣ್ಣಗೆಟ್ಟಿದ್ದು ನೋಡಿದ್ದಿರಾ? ಅದು ಥ್ರಿಪ್ಸ್ ನುಸಿ. ಚಳಿ ದೇಶಗಳಲ್ಲಿ ಒಂದು ಅನುಕೂಲ ಇದೆ. ಮಣ್ಣು ಹೆಪ್ಪುಗಟ್ಟುವ ಕಡೆ ಈ ನುಸಿ ಹೊರಗೆ ಬದುಕುವುದಿಲ್ಲ. ಗಡ್ಡೆಯ ಸಿಪ್ಪೆಯಡಿ ಅಡಗಿ ನಮ್ಮ ಜೊತೆಗೇ ಮನೆಯೊಳಗೆ ಬರುತ್ತದೆ. ಮುಂದಿನ ವರ್ಷದ ನುಸಿ ಬರುವುದು ಹೆಚ್ಚಾಗಿ ನಮ್ಮದೇ ಚೀಲದಿಂದ. ಬೆಚ್ಚಗಿನ ನೆಲಮಾಳಿಗೆಯಲ್ಲಿ ಅದು ಚಳಿಗಾಲವೆಲ್ಲ ಗಡ್ಡೆಯ ರಸ ಹೀರುತ್ತಾ ಸಂತಾನ ಬೆಳೆಸುತ್ತದೆ. ಹಾಗಾದಾಗ ವಸಂತದಲ್ಲಿ ಗಡ್ಡೆಯ ಮೈ ಒರಟಾಗಿ, ಅಂಟಂಟಾಗಿ, ಕಂದಾಗಿ ಕಾಣುತ್ತದೆ. 2ರಿಂದ 4 ಡಿಗ್ರಿಯಲ್ಲಿ ಮೂರು ನಾಲ್ಕು ತಿಂಗಳು ಇಟ್ಟರೆ ನುಸಿ ಸಾಯುತ್ತದೆ, ಗಡ್ಡೆಗೆ ಏನೂ ಆಗುವುದಿಲ್ಲ. ಅಷ್ಟು ತಂಪು ಜಾಗ ಇಲ್ಲದವರು ನೆಡುವ ಮುಂಚೆ 46 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಬಹುದು. ಥರ್ಮಾಮೀಟರ್ ಇಲ್ಲದೆ ಕೈಯಂದಾಜಿನಲ್ಲಿ ಮಾಡಬೇಡಿ, ತುಸು ಜಾಸ್ತಿಯಾದರೂ ಗಡ್ಡೆ ಬೇಯುತ್ತದೆ.

ಇನ್ನೊಂದು ದೂರು: ವರ್ಷ ವರ್ಷ ಗಡ್ಡೆ ಚಿಕ್ಕದಾಗುತ್ತಿದೆ, ಹೂ ಬರುತ್ತಿಲ್ಲ. ಹೂ ಕೊಯ್ಯುವಾಗ ಎಲೆ ಸಮೇತ ಬುಡಕ್ಕೇ ಕತ್ತರಿಸುತ್ತೀರಾ? ಕನಿಷ್ಠ ನಾಲ್ಕು ಎಲೆ ಗಿಡದಲ್ಲೇ ಉಳಿಯಬೇಕು. ಹೊಸ ಗಡ್ಡೆ ತುಂಬಿಸುವುದು ಆ ಎಲೆಗಳೇ. ಹೂ ಮುಗಿದ ಮೇಲೆ ಆರರಿಂದ ಎಂಟು ವಾರ ಗಿಡ ನೆಲದಲ್ಲಿರಲಿ. ಕಾಳಿನಂಥ ಮರಿಗಳಿಂದ ಹೂ ಬೇಕೆಂದರೆ ಎರಡು ಮೂರು ವರ್ಷ ಸಾಕಬೇಕು.

ಬಣ್ಣ ಬಣ್ಣದ್ದು ನೆಟ್ಟಿದ್ದೆವು, ಈಗ ಎಲ್ಲ ಒಂದೇ ಬಣ್ಣಕ್ಕೆ ತಿರುಗಿವೆ ಎಂದು ಕೇಳುವವರೂ ಇದ್ದಾರೆ. ಗಡ್ಡೆ ಬಣ್ಣ ಬದಲಿಸಿಲ್ಲ. ಗಟ್ಟಿ ತಳಿ ಬೇಗ ಮರಿ ಹಾಕಿ ಹೆಚ್ಚಿದೆ, ನಾಜೂಕಿನವು ಒಂದೊಂದಾಗಿ ಹೋಗಿವೆ. ಬಣ್ಣ ಬರೆದು ಬೇರೆ ಬೇರೆ ಚೀಲದಲ್ಲಿ ಇಟ್ಟರೆ ಯಾವುದು ಸೋಲುತ್ತಿದೆ ಎಂದು ಗೊತ್ತಾಗುತ್ತದೆ.

ಚಳಿಗಾಲ ದಾಟಿತು, ನೆಲಕ್ಕಿಟ್ಟ ಮೇಲೆ ಸತ್ತಿತು

ಮಣ್ಣು ತಂಪಾಗಿ ಒದ್ದೆಯಾಗಿತ್ತು, ಅಷ್ಟೇ. ಆರು ತಿಂಗಳು ಕಾಪಾಡಿದ್ದನ್ನು ಆರು ದಿನದ ಅವಸರದಲ್ಲಿ ಕಳೆದುಕೊಳ್ಳುವುದು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಗಾಳಿ ಬೆಚ್ಚಗಾದ ಎಷ್ಟೋ ದಿನಗಳ ಮೇಲೆ ಮಣ್ಣು ಬೆಚ್ಚಗಾಗುವುದು. ಬೆಳಿಗ್ಗೆ 10 ಸೆಂಟಿಮೀಟರ್ ಆಳದಲ್ಲಿ ಅಳೆದು ನೋಡಿ. ಗ್ಲ್ಯಾಡಿಯೋಲಸ್‌ಗೆ 10ರಿಂದ 13 ಡಿಗ್ರಿ ಸಾಕು, ಡೇರೆಗೆ 15 ಬೇಕು. ಡೇರೆ ನೆಟ್ಟ ಮೇಲೆ ಚಿಗುರು ಮಣ್ಣಿನಿಂದ ಹೊರಬರುವವರೆಗೆ ನೀರು ಹಾಕಬೇಡಿ. ಮಣ್ಣಿನಲ್ಲಿರುವ ತೇವವೇ ಸಾಕು. ಬೇರಿಲ್ಲದ ಗಡ್ಡೆ ನೀರು ಕುಡಿಯಲಾರದು, ಬರೀ ಕೊಳೆಯುತ್ತದೆ.

ಚಿಗುರು ಬಂದದ್ದು ನೋಡಿ ಮಲಗಿ, ಬೆಳಿಗ್ಗೆ ಎದ್ದಾಗ ಇಲ್ಲವೆಂದರೆ ಅದು ಸಿಂಬಳದ ಹುಳುವಿನ ಕೆಲಸ. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಸಿಕ್ಕಿಬೀಳುತ್ತದೆ. ಗಡ್ಡೆಗೆ ಏನೂ ಆಗಿರುವುದಿಲ್ಲ, ಮತ್ತೆ ಚಿಗುರುತ್ತದೆ.

ಗಿಡ ಬೆಳೆಯಿತು, ಹೂ ಬಿಡುವ ಮುಂಚೆ ಫ್ರಾಸ್ಟ್ ಬಂತು

ಲೆಕ್ಕ ಹಿಂದಿನಿಂದ ಹಾಕಬೇಕು. ನಿಮ್ಮ ಕಡೆ ಮೊದಲ ಫ್ರಾಸ್ಟ್ ಯಾವಾಗ ಬೀಳುತ್ತದೆ ಎಂದು ಹಿಡಿದು ಹಿಂದಕ್ಕೆ ಎಣಿಸಿ. ಗ್ಲ್ಯಾಡಿಯೋಲಸ್ ನೆಟ್ಟ 70ರಿಂದ 100 ದಿನಕ್ಕೆ ಹೂ ಬಿಡುತ್ತದೆ. ದೊಡ್ಡ ಹೂವಿನ ಡೇರೆಗೆ 120 ದಿನವೂ ಹಿಡಿಯಬಹುದು. ಬೇಸಿಗೆ ಚಿಕ್ಕದಾದರೆ ಡೇರೆ, ಕಾಬಾಳೆಯನ್ನು ವಸಂತದ ಕೊನೆಯ ಫ್ರಾಸ್ಟಿಗೆ ನಾಲ್ಕರಿಂದ ಆರು ವಾರ ಮುಂಚೆಯೇ ಕುಂಡದಲ್ಲಿ ಎಬ್ಬಿಸಿ. ಬಿಗೋನಿಯಾಗೆ ಎಂಟರಿಂದ ಹತ್ತು ವಾರ ಬೇಕು. ದಿನ ಸಾಕಷ್ಟಿದ್ದೂ ಬರೀ ಎಲೆ ದಟ್ಟವಾಗಿ ಬೆಳೆದಿದ್ದರೆ ಸಾರಜನಕದ ಗೊಬ್ಬರ ಜಾಸ್ತಿಯಾಗಿದೆ, ಇಲ್ಲವೇ ನೆರಳು ಜಾಸ್ತಿಯಾಗಿದೆ.

ಸುಗಂಧರಾಜದ ಕಥೆ ಬೇರೆ. ಒಮ್ಮೆ ಹೂ ಕೊಟ್ಟ ಗಡ್ಡೆ ಮತ್ತೆ ಹೂ ಕೊಡುವುದಿಲ್ಲ. ನೀವು ಎಷ್ಟು ಚೆನ್ನಾಗಿ ಕಾಪಾಡಿದ್ದರೂ ಅಷ್ಟೇ. ಸುತ್ತಲಿನ ಮರಿಗಳನ್ನು ಬೆಳೆಸಿ, ಅವು ದಪ್ಪವಾದ ಮೇಲೆ ಹೂ. ಇದು ಗೊತ್ತಿಲ್ಲದೆ ತಮ್ಮ ಆರೈಕೆಯಲ್ಲೇ ದೋಷ ಹುಡುಕಿ ನೊಂದವರನ್ನು ಕಂಡಿದ್ದೇನೆ.

ಉಳಿಸಬಾರದ ಗಡ್ಡೆ

ಕೆಲವು ದೋಷಕ್ಕೆ ಮದ್ದಿಲ್ಲ. ಡೇರೆಯ ಬುಡದಲ್ಲಿ ಹೂಕೋಸಿನ ಹಾಗೆ ಒರಟು ಗಂಟು ಬೆಳೆದಿದ್ದರೆ ಅದು ಕ್ರೌನ್ ಗಾಲ್ ಎಂಬ ಬ್ಯಾಕ್ಟೀರಿಯಾ ರೋಗ. ಒಂದೇ ಜಾಗದಿಂದ ಸಣ್ಣ ಸಣ್ಣ, ದಪ್ಪ, ಕುಳ್ಳ ಚಿಗುರು ಹತ್ತಾರು ಮುದ್ದೆಯಾಗಿ ಎದ್ದಿದ್ದರೆ ಅದು ಲೀಫಿ ಗಾಲ್ ಎಂಬ ಇನ್ನೊಂದು ರೋಗ. ಎಷ್ಟೊಂದು ಮೊಳಕೆ ಎಂದು ಹಿಗ್ಗಿ ಬಿಡಿಸಿ ಹಂಚಬೇಡಿ. ಒಳ್ಳೆಯ ಕಣ್ಣು ಒಂದೊಂದಾಗಿ, ಬಿಡಿಬಿಡಿಯಾಗಿ, ಗುಂಡಗೆ ಉಬ್ಬಿರುತ್ತದೆ. ಬೇಸಿಗೆಯಲ್ಲಿ ಡೇರೆಯ ಎಲೆಯ ನರದ ಪಕ್ಕ ಹಳದಿ ಕಂಡು ಗಿಡ ಗಿಡ್ಡವಾಗಿದ್ದರೆ, ಕಾಬಾಳೆಯ ಎಲೆಯಲ್ಲಿ ನರದುದ್ದಕ್ಕೆ ಹಳದಿ ಗೆರೆ ಒಡೆದಿದ್ದರೆ ವೈರಸ್ ಎಂದು ಅನುಮಾನಿಸಿ. ಅಂಥ ಗಿಡಕ್ಕೆ ಎಲೆ ಇರುವಾಗಲೇ ಪಟ್ಟಿ ಕಟ್ಟಿ ಗುರುತು ಮಾಡಬೇಕು. ಗಡ್ಡೆಯಾಗಿ ಅಗೆದ ಮೇಲೆ ಅದು ಬೇರೆಯವುಗಳ ಹಾಗೇ ಕಾಣುತ್ತದೆ.

ಇವನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಕಸಕ್ಕೇ ಹಾಕಿ. ಬಿಡಿಸುವಾಗ ಒಂದು ಬುಡ ಮುಗಿದು ಇನ್ನೊಂದಕ್ಕೆ ಕೈ ಹಾಕುವ ಮುಂಚೆ ಚಾಕುವಿನ ಮಣ್ಣು, ರಸ ಪೂರ್ತಿ ತೊಳೆದು ಸ್ಪಿರಿಟ್‌ನಲ್ಲಿ ಒರೆಸಿ.